ಫೋಕಸ್ಸು ನಾಲ್ಕು ಬೆರಳು ಹಿಂದೆ

ಅಳತೆ ಇನ್ಸ್‌ಪೆಕ್ಟರರ ಮನೆಯ ಲ್ಯಾಪ್‌ಟಾಪಿನಲ್ಲಿ ಕಿವಿಯೋಲೆಗಳ ಫೋಟೊ ರಾಶಿ ರಾಶಿ ಇವೆ. ಓಲೆಯ ಕಲ್ಲಿನಲ್ಲಿ ಕಿಟಕಿಯ ಸರಳುಗಳನ್ನು ಎಣಿಸಿಕೊಳ್ಳಬಹುದು, ಅಷ್ಟು ಸ್ಪಷ್ಟ. ಆ ಓಲೆಗಳ ನಡುವೆ ಮಂಜು ಕವಿದ ಗುಡ್ಡದ ಹಾಗೆ ಏನೋ ಒಂದು ಕಾಣುತ್ತದಲ್ಲ, ಅದು ಇನ್ಸ್‌ಪೆಕ್ಟರರ ಹೆಂಡತಿಯ ಮುಖ. ಇನ್ನು ಕೆಲವು ಫೋಟೊಗಳಲ್ಲಿ ತುರುಬಿನ ಕ್ಲಿಪ್ಪು ಫಳಫಳ, ಹೆಂಡತಿ ಮಸುಕು. ಗೋಡೆಗೆ ಒರಗಿ ನಿಂತಿದ್ದರೆ ಗೋಡೆಯ ಸುಣ್ಣದ ಬಿರುಕು ಫಳಫಳ, ಹೆಂಡತಿ ಮಸುಕು. (ಆ ಬಿರುಕಿನ ಫೋಟೊ ತೋರಿಸಿಯೇ ಮನೆ ಮಾಲೀಕರಿಂದ ರಿಪೇರಿ ಮಾಡಿಸಿಕೊಂಡದ್ದು. ಕ್ಯಾಮೆರಾದಿಂದ ಸಂಸಾರಕ್ಕಾದ ಉಪಕಾರ ಅದೊಂದೇ.)

ಇನ್ಸ್‌ಪೆಕ್ಟರರ ಕೆಲಸ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವುದು. ಮುಳ್ಳು ಕೂದಲೆಳೆಯಷ್ಟು ಆಚೀಚೆ ವಾಲಿದ್ದರೂ ಅವರ ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ಏನೇ ಗೋಗರೆದರೂ ಅವರದು ಒಂದೇ ಮಾತು: ತೂಗುವವನು ದೇವರಂಥವನೇ ಇರಬಹುದು, ತಪ್ಪು ತಕ್ಕಡಿಯದೇ, ತಕ್ಕಡಿಯನ್ನು ಸರಿಮಾಡಿಸಿ, ಸೀಲು ಹೊಡೆಸಿ. ಇಂಥ ಮಹಾನುಭಾವರ ಕೈಯಲ್ಲೇ ಒಂದು ತಪ್ಪು ಯಂತ್ರ ಇದ್ದರೆ ಊರು ನಗುವುದಿಲ್ಲವೇ? ಊರಿನ ಮಾತು ಹಾಗಿರಲಿ, ಬೀದಿಯ ತುದಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಹೆಂಡತಿಯ ತಮ್ಮ ಆಗಲೇ ನಗುತ್ತಿದ್ದ. ಭಾವನಿಗೆ ‘ಮಸುಕಪ್ಪ’ ಅಂತ ಹೆಸರಿಟ್ಟವನೂ ಅವನೇ.

ಹೀಗಿರುವಾಗ ಹೆಂಡತಿ ಶಾಲೆಯ ಮುಖ್ಯೋಪಾಧ್ಯಾಯಿನಿ ಆದರು. ಆ ಶಾಲೆಯ ಪಡಸಾಲೆಯಲ್ಲಿ ಇದುವರೆಗೆ ಆ ಕುರ್ಚಿಯಲ್ಲಿ ಕೂತವರ ಫೋಟೊಗಳೆಲ್ಲ ಸಾಲಾಗಿ ತೂಗುಬಿದ್ದಿವೆ, ಒಬ್ಬರಿಗಿಂತ ಒಬ್ಬರು ಸಿಡುಕು ಮುಖದವರು. ಆ ಸಾಲಿನ ಕೊನೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ಸೋಮವಾರ ಬೆಳಿಗ್ಗೆ ಫೋಟೊ ಕೊಡಬೇಕು.

ಹೆಂಡತಿ ಶನಿವಾರ ಸಂಜೆ ಮೆಲ್ಲಗೆ, ತಮ್ಮನ ಹತ್ತಿರ ತೆಗೆಸಿಕೊಂಡು ಬರಲೇ ಅಂತ ಕೇಳಿದರು. ಇನ್ಸ್‌ಪೆಕ್ಟರರ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

“ಮನೇಲಿ ಇಷ್ಟು ದೊಡ್ಡ ಕ್ಯಾಮೆರಾ ಇಟ್ಕೊಂಡು ಆ ಸ್ಟುಡಿಯೊ ಮೆಟ್ಲು ಹತ್ತಬೇಕಾ? ಜನ ಏನಂದಾರು?”

“ಮನೇಲಿ ಕ್ಯಾಮೆರಾ ಇದೆ ರೀ. ನನ್ನ ಮುಖ ಎಲ್ಲಿದೆ?”

ಪ್ರಶ್ನೆ ನ್ಯಾಯವಾದದ್ದೇ. ಇನ್ಸ್‌ಪೆಕ್ಟರರು ಆ ಸಂಜೆಯೆಲ್ಲ ಇಂಟರ್‌ನೆಟ್ಟಿನಲ್ಲಿ ಮುಳುಗಿ, ಮುತ್ತು ಸಿಕ್ಕವರ ಹಾಗೆ ಮೇಲೆದ್ದರು. ಇಂಥ ಕ್ಯಾಮೆರಾಗಳು ಕೆಲವೊಮ್ಮೆ ಕಣ್ಣಿಗೆ ಗುರಿಯಿಟ್ಟು ಕಿವಿಗೆ ಹೊಡೆಯುತ್ತವಂತೆ. ಮೆನುವಿನ ಒಳಗಿನ ಒಳಗಿನ ಒಳಮನೆಯಲ್ಲಿ ಒಂದು ಸಂಖ್ಯೆ ಇದೆಯಂತೆ. ಮೈನಸ್ಸಿಗೆ ತಿರುಗಿಸಿದರೆ ಫೋಕಸ್ಸು ಮುಂದಕ್ಕೆ ಬರುತ್ತದೆ, ಪ್ಲಸ್ಸಿಗೆ ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ. ಅಂದರೆ ಇದೂ ತಕ್ಕಡಿಯೇ. ಮುಳ್ಳು ವಾಲಿದೆ, ಸರಿಮಾಡಬೇಕು, ಅಷ್ಟೇ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪ್ರಯೋಗಶಾಲೆ ಸ್ಥಾಪನೆಯಾಯಿತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಅದರೆದುರು ನೆಟ್ಟಗೆ ನಿಲ್ಲಿಸಿದ ಬಿಸ್ಕತ್ ಡಬ್ಬಿ, ಪಕ್ಕದಲ್ಲಿ ಓರೆಯಾಗಿ ಒರಗಿಸಿದ ಸ್ಕೇಲು. ಡಬ್ಬಿಗೆ ಫೋಕಸ್ ಮಾಡಿ ಹೊಡೆದರೆ ಸ್ಕೇಲಿನ ಯಾವ ಗೆರೆ ಸ್ಪಷ್ಟ ಬಂತೋ ಅದನ್ನು ನೋಡಿ ತಪ್ಪೆಷ್ಟು ಅಂತ ಹೇಳಬಹುದು. ಯಾರೂ ಉಸಿರಾಡಬಾರದು ಅಂತ ಆಜ್ಞೆಯಾಯಿತು. ಕಾಲೇಜಿಗೆ ಹೋಗುವ ಮಗಳು ಈ ವೈಭವವನ್ನು ಗೆಳತಿಯರಿಗೆ ಕಳಿಸಲೇಬೇಕು ಅಂತ ಸೋಫಾದ ಮೇಲೆ ಕಾಲು ಮಡಚಿ ಕೂತು ಮೊಬೈಲಿನಲ್ಲಿ ವಿಡಿಯೊ ಶುರುಮಾಡಿದಳು.

ಹೊಡೆದರು. ನೋಡಿದರು. ತಪ್ಪೇ ಇಲ್ಲ. ಮತ್ತೆ ಹೊಡೆದರು. ಎಲ್ಲಿರಬೇಕೋ ಆ ಗೆರೆಯ ಮೇಲೇ ಫೋಕಸ್ಸು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಇನ್ಸ್‌ಪೆಕ್ಟರರಿಗೆ ಅನುಮಾನ ಬಂತು. ಇಲಾಖೆಯವರು ಬರುವ ದಿನ ಅಂಗಡಿಯವನು ತಕ್ಕಡಿ ಬದಲಾಯಿಸುವುದಿಲ್ಲವೇ? ಪರೀಕ್ಷೆ ಅಂತ ಗೊತ್ತಾಗಿ ಕ್ಯಾಮೆರಾ ನಾಟಕ ಆಡುತ್ತಿದೆ. ಅದನ್ನು ಸ್ಟ್ಯಾಂಡಿನಿಂದ ಇಳಿಸಿ ಕೈಗೆ ತೆಗೆದುಕೊಂಡು ಹೆಂಡತಿಯನ್ನು ಡಬ್ಬಿಯ ಜಾಗದಲ್ಲಿ ಕೂರಿಸಿದರು. ಹೊಡೆದರು. ಕಿವಿಯೋಲೆ ಫಳಫಳ. ಸಿಕ್ಕಿಬಿದ್ದ ಕಳ್ಳ!

ಮೈನಸ್ ಐದು ಮಾಡಿದರು, ಓಲೆ. ಮೈನಸ್ ಹತ್ತು, ಕೆನ್ನೆ. ಇನ್ನಷ್ಟು ಎಳೆದಾಗ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಣ್ಣು ಸ್ಪಷ್ಟ ಬಂತು. ಮನೆಯಲ್ಲಿ ಹರ್ಷೋದ್ಗಾರ. ಖಾತ್ರಿಗೆ ಅಂತ ಅದನ್ನೇ ಸ್ಟ್ಯಾಂಡಿಗೇರಿಸಿ ಬಿಸ್ಕತ್ ಡಬ್ಬಿಗೆ ಹೊಡೆದರೆ, ಈಗ ಡಬ್ಬಿ ಮಸುಕು. ಡಬ್ಬಿಗೆ ಸರಿಮಾಡಿದರೆ ಹೆಂಡತಿ ಮಸುಕು, ಹೆಂಡತಿಗೆ ಸರಿಮಾಡಿದರೆ ಡಬ್ಬಿ ಮಸುಕು. ಒಂದಕ್ಕೆ ಸರಿ, ಒಂದಕ್ಕೆ ತಪ್ಪು ತೂಗುವ ಯಂತ್ರಕ್ಕೆ ಸೀಲು ಹೊಡೆಯುವುದು ಹೇಗೆ ಅಂತ ಇನ್ಸ್‌ಪೆಕ್ಟರರು ತಲೆ ಕೆರೆದುಕೊಂಡರು. ಆಮೇಲೆ ಅವರ ಮುಖದಲ್ಲಿ ಬೆಳಕು ಮೂಡಿತು. ಡಬ್ಬಿ ಅಲ್ಲಾಡುವುದಿಲ್ಲ.

“ನೀನು ಅಲ್ಲಾಡ್ತೀಯ ಕಣೇ.”

“ನಾನಾ? ಬೆಳಿಗ್ಗೆಯಿಂದ ಗೊಂಬೆ ಥರ ಕೂತಿದೀನಿ, ಕತ್ತು ಹಿಡ್ಕೊಂಡಿದೆ.”

“ಕ್ಲಿಕ್ ಅನ್ನೋ ಹೊತ್ತಿಗೆ ಹಿಂದೆಮುಂದೆ ಹೋಗ್ತೀಯ. ನಿನಗೆ ಗೊತ್ತಾಗಲ್ಲ.”

ಸೂಟ್‌ಕೇಸಿಗೆ ಕಟ್ಟುವ ಅಗಲವಾದ ಬೆಲ್ಟು ಬಂತು. ಇಡೀ ಶಾಲೆಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಮುಖ್ಯೋಪಾಧ್ಯಾಯಿನಿಯನ್ನು ಅವರ ಸ್ವಂತ ಗಂಡ ಊಟದ ಕುರ್ಚಿಗೆ ಕಟ್ಟಿದರು, ತಲೆಯ ಹಿಂದೆ ದಿಂಬು ಕೊಟ್ಟರು, ಸಂಖ್ಯೆಯನ್ನು ಸೊನ್ನೆಗೆ ತಂದರು. ಹೊಡೆದರು.

ಕಿವಿಯೋಲೆ ಫಳಫಳ.

ಕುರ್ಚಿಯಿಂದ ಒಂದು ನೋಟ ಬಂತು, ಆ ನೋಟದ ಫೋಕಸ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಅಷ್ಟರಲ್ಲಿ ಸೋಫಾದ ಮೇಲಿಂದ ಕಿಸಕ್ ಅಂತ ನಗು. ಮಗಳು ಮೊಬೈಲು ಹಿಡಿದು ಉರುಳಾಡುತ್ತಿದ್ದಳು.

“ಅಪ್ಪಾ, ಪ್ಲೀಸ್, ಇದು ನೋಡು. ಪ್ಲೀಸ್ ನೋಡು.”

ಮೂವರೂ ನೋಡಿದರು. (ಒಬ್ಬರು ಬೆಲ್ಟಿನಲ್ಲಿದ್ದುದರಿಂದ ಮೊಬೈಲೇ ಅವರ ಹತ್ತಿರ ಹೋಯಿತು.) ವಿಡಿಯೊದಲ್ಲಿ ಇನ್ಸ್‌ಪೆಕ್ಟರರು ಕಣ್ಣಿಗೆ ಕ್ಯಾಮೆರಾ ಹಿಡಿಯುತ್ತಾರೆ, ಬಟನ್ನು ಅರ್ಧ ಒತ್ತುತ್ತಾರೆ. ಪೀಂ ಅನ್ನುತ್ತದೆ, ಫೋಕಸ್ಸು ಕೂತಿತು. ಅಲ್ಲಿಗೆ ಪೂರ್ತಿ ಒತ್ತಿಬಿಟ್ಟರೆ ಕಥೆ ಮುಗಿಯಿತು. ಇವರು ಒತ್ತುವುದಿಲ್ಲ. ಉಪದೇಶ ಶುರುಮಾಡುತ್ತಾರೆ: ಗಲ್ಲ ಸ್ವಲ್ಪ ಮೇಲೆ, ಹಾಂ, ಹಲ್ಲು ಬೇಡ, ಹಾಂ, ನಗು. ಒಂದೊಂದು ‘ಹಾಂ’ಗೂ, ಅಂಗಡಿಯ ತಕ್ಕಡಿಯ ಮುಳ್ಳು ನೋಡಲು ಬಾಗುವ ಹಾಗೆ, ಒಂದೊಂದು ಬೆರಳಿನಷ್ಟು ಮುಂದಕ್ಕೆ ಬಾಗುತ್ತಾರೆ. ಆಮೇಲೆ ಕ್ಲಿಕ್. ಅಷ್ಟು ಹೊತ್ತಿಗೆ ಮನುಷ್ಯ ನಾಲ್ಕು ಬೆರಳು ಮುಂದೆ ಬಂದಿದ್ದಾರೆ, ಕೂರಿಸಿದ್ದ ಫೋಕಸ್ಸು ಕಣ್ಣು ದಾಟಿ ಓಲೆಗೆ ಹೋಗಿದೆ. ಪ್ರತಿ ಸಲ. ಇಷ್ಟೂ ವರ್ಷ.

“ಬಿಚ್ಚು ಇದನ್ನ,” ಅಂದರು ಹೆಂಡತಿ ಮಗಳಿಗೆ, ತಣ್ಣಗೆ.

ಬೆಲ್ಟು ಕುರ್ಚಿಯಿಂದ ಕಪಾಟಿಗೆ ವರ್ಗವಾಯಿತು. ಇನ್ಸ್‌ಪೆಕ್ಟರರ ಬೆನ್ನು ಕಪಾಟಿಗೆ, ಹೊಟ್ಟೆಯ ಮೇಲೆ ಬೆಲ್ಟು, ಹಿಡಿಕೆಗೆ ಬಕಲ್ಲು. ಉಪದೇಶ ಬಂತು, ‘ಹಾಂ’ ಬಂತು, ಬಾಗುವುದೊಂದು ಬರಲಿಲ್ಲ. ಕ್ಲಿಕ್.

ಲ್ಯಾಪ್‌ಟಾಪಿನ ತುಂಬ ಹೆಂಡತಿಯ ಮುಖ. ಮೊದಲ ಸಲ. ರೆಪ್ಪೆ ಒಂದೊಂದೂ ಬೇರೆ ಬೇರೆ. ಇನ್ಸ್‌ಪೆಕ್ಟರರ ಎದೆ ಉಬ್ಬಿ ಬೆಲ್ಟು ಕಿರುಗುಟ್ಟಿತು. ಹೆಂಡತಿ ಪರದೆಯ ಹತ್ತಿರ ಬಂದರು. ಕೈಬೆರಳು ಪರದೆಯ ಮೇಲೆ ಬೈತಲೆಯ ಬಿಳಿ ಕೂದಲಿಗೆ ಹೋಯಿತು, ಕಣ್ಣಿನ ಕೆಳಗಿನ ಚೀಲಕ್ಕೆ ಇಳಿಯಿತು, ತುಟಿಯ ಪಕ್ಕದ ಗೆರೆಯಲ್ಲಿ ನಿಂತಿತು.

“ಇದ್ಯಾರು ರೀ?”

“ನೀನೇ ಕಣೇ.”

“ನಾನು ಹಿಂಗಿದೀನಾ? ಆ ಗೋಡೇಲಿರೋರೇ ವಾಸಿ.” ಮಗಳ ಕಡೆ ತಿರುಗಿದರು. “ಬೆಲ್ಟ್ ಬಿಚ್ಚಮ್ಮ. ನಿಮ್ಮಪ್ಪ ಬಾಗಲಿ.”

ಇನ್ಸ್‌ಪೆಕ್ಟರರು ಬಾಗಿದರು. ಇಷ್ಟು ವರ್ಷ ಕೇಳದೇ ಬರುತ್ತಿದ್ದ ಬಾಗುವಿಕೆ ಕೇಳಿದಾಗ ಬರಬೇಕಲ್ಲ! ಕಡಿಮೆ ಬಾಗಿದರೆ ಫೋಟೊ ಸೂಜಿಮೊನೆಯಷ್ಟು ಸ್ಪಷ್ಟ, ಸುಕ್ಕಿಗೆ ಸುಕ್ಕು. ಜಾಸ್ತಿ ಬಾಗಿದರೆ ಮುಖ್ಯೋಪಾಧ್ಯಾಯಿನಿ ಹೋಗಿ ಮೋಡ ಬರುತ್ತಿತ್ತು. ಎಷ್ಟು ಬೇಕೋ ಅಷ್ಟು ತಪ್ಪು ಮಾಡುವುದು ಸರಿ ಮಾಡುವುದಕ್ಕಿಂತ ಕಷ್ಟ ಅಂತ ಇಲಾಖೆಯ ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ. ಬೆಳಕು ಹೋಗುವ ತನಕ ಬಾಗಿ ಬಾಗಿ ಸೊಂಟ ಹಿಡಿಯಿತು. ಹೆಂಡತಿ ಎದ್ದು ಕೈಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ಇನ್ಸ್‌ಪೆಕ್ಟರರು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದರು.

ಸ್ಟುಡಿಯೊದಲ್ಲಿ ಹೆಂಡತಿಯ ತಮ್ಮ, ಅಕ್ಕನನ್ನು ಕೂರಿಸಿ, ಟೀ ತರಿಸಿ, ಎರಡೇ ಫೋಟೊ ಹೊಡೆದು, ಕಂಪ್ಯೂಟರಿನಲ್ಲಿ ಗೆರೆಗಳಿಗೆ ಇಸ್ತ್ರಿ ಹಾಕಿ, ಫ್ರೇಮು ಸಹಿತ ಕೊಟ್ಟು ಕಳಿಸಿದ. ಕೆಳಗಿನ ಮೂಲೆಯಲ್ಲಿ ಚಿನ್ನದ ಬಣ್ಣದ ಪುಟಾಣಿ ಅಕ್ಷರಗಳಲ್ಲಿ ಸ್ಟುಡಿಯೊ ಹೆಸರು, ವಿಳಾಸವನ್ನೂ ಹಾಕಿದ.

ಸೋಮವಾರ ಖಾಲಿ ಮೊಳೆಗೆ ಫೋಟೊ ಏರಿತು. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಮೇಡಂ ಅಂತ ಟೀಚರುಗಳೆಲ್ಲ ಮುತ್ತಿಕೊಂಡರು. ಯಜಮಾನರೂ ಬಂದಿದ್ದಾರೆ, ದೊಡ್ಡ ಕ್ಯಾಮೆರಾನೂ ತಂದಿದ್ದಾರೆ, ಮೇಡಂ ಫೋಟೊ ಪಕ್ಕ ನಿಂತಿರುವ ಒಂದು ನೆನಪು ಇರಲಿ ಅಂತ ಯಾರೋ ಒತ್ತಾಯ ಮಾಡಿದರು. ಹೆಂಡತಿ ಗೋಡೆಗೆ ಒರಗಿ, ಫ್ರೇಮಿಗೆ ಭುಜ ತಾಗಿಸಿ ನಿಂತರು. ಅಷ್ಟು ಜನ ನೋಡುತ್ತಿರುವಾಗ ಇನ್ಸ್‌ಪೆಕ್ಟರರಿಗೆ ಹುರುಪು ಬಂದು, ಭಾನುವಾರವೆಲ್ಲ ಮರೆತುಹೋಗಿ, ಗಲ್ಲ ಸ್ವಲ್ಪ ಮೇಲೆ, ಹಾಂ, ಹಲ್ಲು ಬೇಡ, ಹಾಂ, ನಗು ಅಂದರು.

ಆ ಫೋಟೊ ಈಗಲೂ ಲ್ಯಾಪ್‌ಟಾಪಿನಲ್ಲಿದೆ. ಹೆಂಡತಿ ಮಸುಕು. ಭುಜದ ಪಕ್ಕದಲ್ಲಿ, ಚಿನ್ನದ ಬಣ್ಣದಲ್ಲಿ, ಭಾವಮೈದುನನ ಸ್ಟುಡಿಯೊದ ಹೆಸರು, ಬೀದಿ, ಫೋನ್ ನಂಬರು, ಎಲ್ಲ ಫಳಫಳ.