ಕ್ಯಾಮೆರಾದ ಹಿಂದೆ ನಿಂತವನನ್ನು ಅಕ್ಕ ನೋಡಿದ್ದು

ಒಳ್ಳೆಯ ಬೆಳಕು ಕಂಡರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಅಂಥವನ ಕೈಗೆ ಕ್ಯಾಮೆರಾ ಕೊಟ್ಟ ಮೇಲೆ ಇಂಥದ್ದೆಲ್ಲ ಆಗದೆ ಇರುತ್ತದೆಯೇ, ನೀವೇ ಹೇಳಿ!

ತಮಿಳು ಸಿನಿಮಾದಲ್ಲಿ ಹತ್ತು ವರ್ಷ ಅಸಿಸ್ಟೆಂಟಾಗಿ ದುಡಿದು, ನಾನು ಮೊದಲ ಸಲ ಸ್ವತಂತ್ರ ಛಾಯಾಗ್ರಾಹಕನಾದೆ. ರೀಲು ಮೂಲೆಗೆ ಸರಿದು ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಕನಸಿನ ಹಾಡಿಗೆಂದು ಎಮಿರೇಟ್ಸಿಗೆ ಹೋದೆವು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನ ಅಕ್ಕ ಇದ್ದಳು. ಆಸ್ಪತ್ರೆಯಲ್ಲಿ ನರ್ಸ್. ಅಪ್ಪನ ಎದುರು ನಿಂತು ಜಗಳ ಮಾಡಿ ನನ್ನನ್ನು ಮದ್ರಾಸಿಗೆ ಕಳಿಸಿದವಳು ಅವಳೇ. ಚಿಕ್ಕಂದಿನಲ್ಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನನ್ನ ಎಡಗಾಲನ್ನು ಚಕ್ರಕ್ಕೆ ಕೊಟ್ಟವಳೂ ಅವಳೇ. ಆ ಕಾಲು ಇವತ್ತಿಗೂ ಸ್ವಲ್ಪ ಹೊರಗೆ ತಿರುಗಿಕೊಂಡೇ ನಡೆಯುತ್ತದೆ.

"ಸಿನಿಮಾದಲ್ಲಿ ನೀನು ಎಲ್ಲಿ ಕಾಣ್ತಿ ಮಾರಾಯ?" ಎಂದಳು ಅಕ್ಕ.

"ನಾನು ಕ್ಯಾಮೆರಾದ ಹಿಂದೆ ಇರುವುದು, ಅಕ್ಕಾ."

"ಎಂತ ಕರ್ಮ! ನನ್ನ ತಮ್ಮ ಸಿನಿಮಾದಲ್ಲಿದ್ದಾನೆ ಅಂತ ಇಡೀ ವಾರ್ಡಿಗೆ ಹೇಳಿದ್ದೇನೆ. ಒಂದು ಸಲ ಕಂಡರೆ ಸಾಕು."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಒಂದು ಬಿಲ್ಲೆ ಕರ್ಪೂರ

ತಮಿಳು ಚಿತ್ರೀಕರಣದಲ್ಲಿ ಪೂಜೆಯಾಗದೆ ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಮೊದಲ ಬೆಳಿಗ್ಗೆ ಹೋಟೆಲ್ ಕೋಣೆಯ ಟೀಪಾಯಿಯ ಮೇಲೆ ಕ್ಯಾಮೆರಾ ಇಟ್ಟು, ಕುಂಕುಮ ಹಚ್ಚಿ, ಪ್ರೊಡಕ್ಷನ್ ಮ್ಯಾನೇಜರು ಕರ್ಪೂರ ಹಚ್ಚಿದರು. ಪರದೆಯ ಸಂದಿನಿಂದ ಬಂದ ಬಿಸಿಲಲ್ಲಿ ಹೊಗೆ ನಿಧಾನಕ್ಕೆ ಸುರುಳಿ ಸುತ್ತುತ್ತಿತ್ತು. ಆಹಾ, ಎಷ್ಟು ಚಂದ ಎಂದು ನಾನು ಮೈಮರೆತು ನೋಡುತ್ತಿದ್ದೆ. ಸೀಲಿಂಗಿನ ಹೊಗೆ ಅಲಾರಂ ಕೂಡ ನೋಡುತ್ತಿತ್ತು.

ಹನ್ನೆರಡು ಮಹಡಿಯ ಜನ ರಸ್ತೆಗೆ ಬಂದರು, ಕೆಲವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ. ಹೆಲ್ಮೆಟ್ ಹಾಕಿದ ಅಗ್ನಿಶಾಮಕದವರು ಧಡಧಡ ಬಂದು, "ಬೆಂಕಿ ಎಲ್ಲಿ?" ಎಂದು ಕೇಳಿದರು. ಮ್ಯಾನೇಜರು ಆರತಿ ತಟ್ಟೆ ಮುಂದೆ ಹಿಡಿದರು. ಅವರಲ್ಲೊಬ್ಬ ಇಷ್ಟು ಚಿಕ್ಕ ಬೆಂಕಿ ನೋಡಿಯೇ ಇರಲಿಲ್ಲ ಅಂತ ಕಾಣುತ್ತದೆ, ಬಗ್ಗಿ ಉಫ್ ಎಂದು ಊದಿಬಿಟ್ಟ. ಮ್ಯಾನೇಜರು ಎದೆ ಮೇಲೆ ಕೈಯಿಟ್ಟುಕೊಂಡರು: "ಅಯ್ಯಯ್ಯೋ, ಬಾಯಲ್ಲಿ ಊದಿದನಲ್ಲಪ್ಪ! ಇನ್ನೊಂದು ಹಚ್ಚಿ!"

ಚಕ್ರದಡಿಯ ನಿಂಬೆಹಣ್ಣು

ಮರುದಿನ ದುಬೈಯ ನೈಫ್ ಬಡಾವಣೆಯ ಗಲ್ಲಿಗಳಲ್ಲಿ ಕೆಲಸ. ನಮ್ಮ ಜೀಪಿನ ಡ್ರೈವರು ಪೇಶಾವರದ ಕಡೆಯ ಹಿರಿಯರು, ಬಹಳ ಸಭ್ಯಸ್ಥರು. ಹೊರಡುವ ಮೊದಲು ಮ್ಯಾನೇಜರು ನಾಲ್ಕು ಚಕ್ರಗಳ ಅಡಿ ನಾಲ್ಕು ನಿಂಬೆಹಣ್ಣು ಇಟ್ಟರು, ಜೀಪು ಅದರ ಮೇಲೆ ಹೋದರೆ ದೃಷ್ಟಿ ಕಳೆಯುತ್ತದೆಂದು. ಡ್ರೈವರು ಇಳಿದು, ನಾಲ್ಕನ್ನೂ ಹೆಕ್ಕಿ, ಅಂಗಿಗೆ ಒರೆಸಿ, "ಸಾಬ್, ನಿಮ್ಮ ನಿಂಬೆ ಬಿದ್ದಿತ್ತು" ಎಂದು ಕೊಟ್ಟರು. ಮ್ಯಾನೇಜರು ಮತ್ತೆ ಇಟ್ಟರು. ಅವರು ಮತ್ತೆ ಹೆಕ್ಕಿದರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು, ಇಬ್ಬರಿಗೂ ತಾಳ್ಮೆ ಅಪಾರ.

ಮೂರನೆಯ ಸಲ ಡ್ರೈವರು ನಿಂಬೆ ವಾಪಸು ಕೊಡಲಿಲ್ಲ. ಮಧ್ಯಾಹ್ನ ಬಿಸಿಲಿಗೆ ನಾವು ಬಾಡಿ ಕೂತಾಗ ಎಲ್ಲರಿಗೂ ತಣ್ಣನೆಯ ಶರಬತ್ತು ತಂದರು. ಇಡೀ ಯೂನಿಟ್ಟಿನ ದೃಷ್ಟಿಯನ್ನು ನಾವೇ ಕುಡಿದು ಲೋಟ ತೊಳೆದಿಟ್ಟೆವು.

ಹೊಗೆ ಯಂತ್ರ

ಕನಸು ಅಂದಮೇಲೆ ಹೊಗೆ ಬೇಕಲ್ಲ. ಮದೀನತ್ ಜಾಯೆದ್ ಕಡೆಯ ಮರಳುಗಾಡಿಗೆ ದೊಡ್ಡದೊಂದು ಹೊಗೆ ಯಂತ್ರ ಹೊತ್ತೊಯ್ದೆವು. ಬೆಳಿಗ್ಗೆ ನೋಡಿದರೆ ದಿಬ್ಬಗಳೆಲ್ಲ ಬಿಳಿಯ ಹಾಲಿನಲ್ಲಿ ತೇಲುತ್ತಿವೆ! "ಶಬಾಷ್, ಹೊಗೆ ಅಂದರೆ ಇದು!" ಎಂದು ಕೂಗಿದೆ. ಯಂತ್ರದವನು ಪಕ್ಕದಲ್ಲೇ ಇದ್ದ. "ಸಾರ್, ನಾನಿನ್ನೂ ಆನ್ ಮಾಡಿಲ್ಲ. ಇದು ಮಂಜು."

ಬಿಟ್ಟರೆ ಸಿಗುವುದಿಲ್ಲವೆಂದು ಕೂಡಲೇ ಶುರು ಮಾಡಿದೆವು. ಹೀರೋಯಿನ್ ಮಂಜಿನೊಳಗೆ ಹೋಗಿ, ಮಸುಕಾಗಿ ಕಾಣುತ್ತಿದ್ದ ಹೀರೋನ ಭುಜ ಹಿಡಿದು ಕಣ್ಣೀರು ಹಾಕಿದಳು. ನಿರ್ದೇಶಕರಿಗೂ ಕಣ್ಣು ತುಂಬಿತು. "ಹೀರೋ ಎಷ್ಟು ಅಲುಗಾಡದೆ ನಿಂತಿದ್ದಾನೆ ನೋಡಿ, ಇದು ನಟನೆ!" ಎಂದರು. ಮಂಜು ಸರಿಯಿತು. ಅವಳು ಹಿಡಿದಿದ್ದು ಲೈಟ್ ಸ್ಟ್ಯಾಂಡಿಗೆ ತಗುಲಿಸಿದ್ದ ಹೀರೋನ ಕೋಟು. ಹೀರೋ ವ್ಯಾನಿನಲ್ಲಿ ಇಡ್ಲಿ ತಿನ್ನುತ್ತಿದ್ದ.

ಯಾರ ಕಾಲು?

ಉಳಿದದ್ದು ಒಂದೇ ಶಾಟ್. ಸೂರ್ಯ ಹುಟ್ಟುವಾಗ, ಒಂದು ಹೆಜ್ಜೆಯ ಗುರುತೂ ಇಲ್ಲದ ದಿಬ್ಬದ ಮೇಲೆ ಹೀರೋಯಿನ್ ಓಡಬೇಕು. ಮಧ್ಯಾಹ್ನವೇ ಅವಳ ವಿಮಾನ. "ಈ ಶಾಟ್ ಹಾಳಾದರೆ ನೀನು ಮತ್ತೆ ಅಸಿಸ್ಟೆಂಟು" ಎಂದಿದ್ದರು ನಿರ್ದೇಶಕರು. ದಿಬ್ಬದ ಸುತ್ತ ಹಗ್ಗ ಕಟ್ಟಿಸಿ, ಯಾರೂ ಕಾಲಿಡಬಾರದೆಂದು ನಾನೇ ಗಂಟಲು ಹರಿಯುವಂತೆ ಕೂಗಿದ್ದೆ.

ಬೆಳಕು ಮೂಡಿತು. ದಿಬ್ಬದ ನಟ್ಟನಡುವೆ ಉದ್ದಕ್ಕೂ ಒಂದು ಸಾಲು ಹೆಜ್ಜೆ!

"ಯಾರ ಕಾಲು?" ನಿರ್ದೇಶಕರು ಗುಡುಗಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚಪ್ಪಲಿ ನೋಡಿದರು. ನಾನೂ ಅವರ ಜೊತೆ ಸಿಟ್ಟಿನಿಂದ ಎಲ್ಲರ ಕಾಲು ತಪಾಸಣೆ ಮಾಡುತ್ತ ಹೋದೆ. ಕೊನೆಯಲ್ಲಿ ನಿಂತಿದ್ದ ಫೋಕಸ್ ಅಸಿಸ್ಟೆಂಟು ಮರಳು ನೋಡಿದ, ನನ್ನ ಕಾಲು ನೋಡಿದ, ಆಮೇಲೆ ಆಕಾಶ ನೋಡಿದ.

ಪ್ರತಿ ಎಡ ಹೆಜ್ಜೆಯೂ ಹೊರಗೆ ತಿರುಗಿತ್ತು. ಮಬ್ಬಿನಲ್ಲಿ ಆಕಾಶದ ಬಣ್ಣ ನೋಡುತ್ತ ನಡೆದುಹೋದವನು ನಾನೇ! ಹಗ್ಗ ದಾಟಿದ್ದು ನೆನಪೇ ಇಲ್ಲ.

"ನಂದೇ ಸಾರ್" ಎಂದೆ. ಖಲಾಸ್, ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಸೂರ್ಯ ಮೇಲೆ ಬಂದ. ಒಂದೊಂದು ಹೆಜ್ಜೆಯೊಳಗೂ ನೀಲಿ ನೆರಳು ತುಂಬಿಕೊಂಡಿತು. ನಿರ್ದೇಶಕರು ಮಾನಿಟರಿಗೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಮೆಲ್ಲಗೆ, "ಹೀರೋ ಅವಳನ್ನು ಬಿಟ್ಟುಹೋಗಿದ್ದಾನೆ ಅಂತಿಟ್ಟುಕೊಳ್ಳಿ. ಅವನ ಹೆಜ್ಜೆ ಹಿಡಿದು ಅವಳು ಓಡಲಿ. ಯಲ್ಲಾ, ಬೇಗ, ರೋಲ್ ಕ್ಯಾಮೆರಾ!" ಎಂದರು.

ಸಿನಿಮಾ ಬಿಡುಗಡೆಯಾದಾಗ ನಾನು ಮತ್ತೆ ಅಬುಧಾಬಿಗೆ ಹೋದೆ. ಅಕ್ಕ ಆರು ಜನ ನರ್ಸುಗಳನ್ನು ಕರೆದುಕೊಂಡು ಥಿಯೇಟರಿಗೆ ಬಂದಳು. ತೆರೆಯ ಮೇಲೆ ನನ್ನ ಹೆಸರು ಬಂದ ಹೊತ್ತಿಗೆ ಸರಿಯಾಗಿ ಮುಂದಿನ ಸಾಲಿನವನೊಬ್ಬ ಪಾಪ್‌ಕಾರ್ನ್ ಹಿಡಿದು ಎದ್ದು ನಿಂತ. ಇಂಟರ್‌ವಲ್ಲಿನಲ್ಲಿ ಅಕ್ಕ ನನ್ನನ್ನು ಬಿಟ್ಟು ನರ್ಸುಗಳಿಗೆ ಮಾತ್ರ ಚಹಾ ತಂದಳು. ಹೆಜ್ಜೆಯ ಕಥೆ ನಾನು ಅವಳಿಗೆ ಹೇಳಿರಲೂ ಇಲ್ಲ, ನಾಚಿಕೆ.

ಕನಸಿನ ಹಾಡು ಬಂತು. ದಿಬ್ಬ, ಬಂಗಾರದ ಬೆಳಕು, ಹೆಜ್ಜೆಗಳು. ಅಕ್ಕ ದಡಕ್ಕನೆ ಎದ್ದು ನಿಂತಳು. "ಅಯ್ಯೋ ದೇವರೇ, ನನ್ನ ತಮ್ಮ! ಅದು ನಾನು ಸೈಕಲ್ಲಿಗೆ ಕೊಟ್ಟ ಕಾಲು!"

ಆರೂ ನರ್ಸುಗಳು ಚಪ್ಪಾಳೆ ಹೊಡೆದರು. ನನ್ನ ಕಣ್ಣು ಒದ್ದೆಯಾಯಿತು. ಹಿಂದಿನಿಂದ ಯಾರೋ, "ಕೂತ್ಕೊಳ್ಳಿ ಅಮ್ಮ, ಹೀರೋಯಿನ್ ಕಾಣ್ತಿಲ್ಲ" ಎಂದರು.

ಅಕ್ಕ ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಎಂತ ಕೂತ್ಕೊಳ್ಳುವುದು? ಅವಳು ಓಡ್ತಿರುವುದೇ ನನ್ನ ತಮ್ಮನ ಹಿಂದೆ!"