ಒಂದು ಬಟ್ಟಲು ಅನ್ನ, ಆರು ಮೊಹರು

"ಮೊಮೊಸೆ-ಸಾನ್, ಪೇಪರ್ ನೋಡಿದ್ರಾ? ನಮ್ಮ ಕಂಪನಿ ತಲೆಗೆ ತುಕ್ಕು ಹಿಡಿದಿದೆಯಂತೆ!"

ಒಕುನೊ-ಸಾನ್ ಹಾಗೆ ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಪಕ್ಕದ ಮನೆಯ ಮದುವೆ ಮುರಿದ ಸುದ್ದಿ ತಂದವರ ಹುರುಪಿತ್ತು. ಜಪಾನಿನ ಅಮಗಸಾಕಿಯ ಅಸಾನಾಮಿ ಎಲೆಕ್ಟ್ರಿಕ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಹೆಂಗಸು ಆಕೆ. ಕಂಪನಿಯಲ್ಲಿ ಹನ್ನೊಂದು ಸಾವಿರ ಜನ ಇದ್ದರೂ ಹೊಸ ಉತ್ಪನ್ನಗಳ ವಿಭಾಗದಲ್ಲಿ ಇದ್ದದ್ದು ಇಬ್ಬರೇ: ಆಕೆ ಮತ್ತು ನಮ್ಮ ಮೊಮೊಸೆ. ಮೇಲೊಬ್ಬರು ಮುಖ್ಯಸ್ಥರು.

ಮೊಮೊಸೆ ಪತ್ರಿಕೆ ಇಸಿದುಕೊಂಡು ಓದಿದ. "ಒಂದು ಕಾಲದಲ್ಲಿ ಜಗತ್ತಿಗೇ ಹೊಸತನ್ನು ಕಲಿಸಿದ ಅಸಾನಾಮಿ ಕೊನೆಯ ಹೊಸ ವಸ್ತುವನ್ನು ಮಾರುಕಟ್ಟೆಗೆ ತಂದು ಹನ್ನೆರಡು ವರ್ಷವಾಯಿತು. ಅದನ್ನೂ ಯಾರೂ ಕೊಳ್ಳಲಿಲ್ಲ. ಉಳಿದ ಸರಕು ಇವತ್ತಿಗೂ ವಕ್ಕನೈ ಗೋದಾಮಿನಲ್ಲಿ ಮಲಗಿದೆ. ಜೊತೆಗೆ ಕಂಪನಿಯೂ ಮಲಗಿದೆಯೇ?"

"ಸುಳ್ಳೇನಲ್ಲ ಬಿಡಿ" ಅಂದ ಮೊಮೊಸೆ.

"ಮೆಲ್ಲಗೆ! ನಿಜ ಹೇಳೋದಾದ್ರೆ ಕಿಟಕಿ ಮುಚ್ಚಿ ಹೇಳಿ."

ಅಷ್ಟರಲ್ಲಿ ಬೆಳಗಿನ ವ್ಯಾಯಾಮದ ಪಿಯಾನೊ ಶುರುವಾಯಿತು. ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಕೈ ಬೀಸಿದರು, ಸೊಂಟ ಬಗ್ಗಿಸಿದರು. ಕೊನೆಯ ಸಲ ಉಸಿರೆಳೆದು ಬಿಡುವ ಹೊತ್ತಿಗೆ ಪಿಯಾನೊ ನಿಂತು ಧ್ವನಿವರ್ಧಕದಲ್ಲಿ ಅಧ್ಯಕ್ಷರ ಗಂಟಲು ಕೇಳಿತು. ಎಪ್ಪತ್ತೆಂಟು ವರ್ಷದ ಗಂಟಲು. ಸಿಟ್ಟಿನಲ್ಲಿ ಅದಕ್ಕೆ ನಲವತ್ತೇ ಆಗಿತ್ತು.

"ಇವತ್ತು ಸಂಜೆ ಐದಕ್ಕೆ ಒಂದು ಹೊಸ ವಸ್ತುವಿನ ಪ್ರಸ್ತಾವ ನನ್ನ ಮೇಜಿನ ಮೇಲಿರಬೇಕು. ಎಲ್ಲಾ ಮೊಹರುಗಳ ಸಮೇತ. ಇಲ್ದಿದ್ರೆ ಹೊಸ ಉತ್ಪನ್ನ ವಿಭಾಗ ಯಾಕಿರ್ಬೇಕು? ಏಪ್ರಿಲ್ ಒಂದಕ್ಕೆ ಬೀಗ ಹಾಕಿ ಅಲ್ಲಿರೋರನ್ನ ವಕ್ಕನೈಗೆ ಕಳಿಸಿಬಿಡ್ತೀನಿ!"

ಅಂಗಳದ ಅಷ್ಟೂ ತಲೆಗಳು ಮೊಮೊಸೆಯ ಕಡೆ ತಿರುಗಿದವು. ಅವನ ಕೈ ಇನ್ನೂ ವ್ಯಾಯಾಮದಲ್ಲೇ ಮೇಲಿತ್ತು, ಇಳಿಸುವುದು ಮರೆತುಹೋಗಿತ್ತು.

ವಕ್ಕನೈ ಅಂದರೆ ದೇಶದ ಉತ್ತರದ ತುದಿ. ಅದರಾಚೆ ಹೆಜ್ಜೆ ಇಟ್ಟರೆ ಸಮುದ್ರ. ಕಂಪನಿಗೆ ಬೇಡವಾದ ಸಾಮಾನೂ ಬೇಡವಾದ ಮನುಷ್ಯರೂ ಹೋಗುವ ಊರು. ಹಿಂದೊಮ್ಮೆ ಮೊಮೊಸೆಯನ್ನು ನೀಗಾತಾ ಎಂಬ ಊರಿಗೆ ವರ್ಗ ಮಾಡಿದ್ದಾಗ, ಇಲ್ಲಿನ ಗಂಡಸರೆಲ್ಲ ಮಾಡುವ ಹಾಗೆ, ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಹೋಗಿ ಮೂರು ವರ್ಷ ಕೋಣೆಯೊಂದರಲ್ಲಿ ಬದುಕಿದ್ದ. ಅಲ್ಲಿ ಅವನಿಗಿದ್ದ ದೊಡ್ಡ ಕಷ್ಟ ಅನ್ನ. ಅಂಗಡಿಯ ರೈಸ್ ಕುಕ್ಕರೆಲ್ಲ ಸಂಸಾರದ ಅಳತೆಯವು. ಸೋಮವಾರ ಮಾಡಿದ ಅನ್ನವನ್ನು ಗುರುವಾರದವರೆಗೆ ತಿನ್ನುತ್ತಾ, ಒಂದು ದಿನ ಅಳುವಷ್ಟು ಬೇಜಾರಾಗಿ, ತಾನೇ ಕೂತು ಒಂದು ಕುಕ್ಕರ್ ಮಾಡಿಕೊಂಡ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಒಂದೇ ಗುಂಡಿ. ಹನ್ನೆರಡು ನಿಮಿಷಕ್ಕೆ ಸರಿಯಾಗಿ ಒಂದು ಬಟ್ಟಲು ಬಿಸಿ ಅನ್ನ. ಆರು ವರ್ಷದಿಂದ ಅದು ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಅವನ ಮೇಜಿನ ಖಾನೆಯಲ್ಲಿತ್ತು. ಕೇಳುವವರಿರಲಿಲ್ಲ.

"ಇವತ್ತು ಕೇಳಿದ್ದಾರೆ. ಎತ್ತಿ ಅದನ್ನ" ಅಂದರು ಒಕುನೊ-ಸಾನ್.

ಮೊಮೊಸೆ ಪ್ರಸ್ತಾವದ ಹಾಳೆಯನ್ನು ಕೈಯಲ್ಲೇ ಬರೆದ. ಅಕ್ಷರದಲ್ಲಿ ಮನುಷ್ಯನ ಮನಸ್ಸು ಕಾಣುತ್ತದೆ ಎಂದು ಅಧ್ಯಕ್ಷರ ನಂಬಿಕೆ. ಅಚ್ಚಿನ ಹಾಳೆ ಅವರಿಗೆ ಆಗದು. ಕೆಳಗೆ, ಸಹಿಯ ಬದಲು ಒಬ್ಬೊಬ್ಬರೂ ತಮ್ಮ ಹೆಸರಿನ ಮೊಹರು ಒತ್ತಲು, ಸಾಲಾಗಿ ಆರು ಚೌಕ. ಬಲತುದಿಯದು ಅವನದು, ಅಲ್ಲಿಂದ ಎಡಕ್ಕೆ ಒಬ್ಬರಿಗಿಂತ ಒಬ್ಬರು ದೊಡ್ಡವರು. ತನ್ನ ಚೌಕದಲ್ಲಿ ಮೊಹರು ಒತ್ತಿ, ಹಾಳೆ ಮತ್ತು ಗಂಟು ಹಿಡಿದು ವಿಭಾಗದ ಮುಖ್ಯಸ್ಥ ಇನಾಗಾಕಿಯವರ ಮುಂದೆ ನಿಂತ.

ಇನಾಗಾಕಿ ಹಾಳೆಯ ಮೇಲ್ಭಾಗ ನೋಡಲೇ ಇಲ್ಲ. ಕನ್ನಡಕವನ್ನು ಹಣೆಗೇರಿಸಿ ಕೆಳಗಿನ ಚೌಕವನ್ನೇ ದಿಟ್ಟಿಸಿದರು.

"ಏನಿದು ಮೊಮೊಸೆ-ಸಾನ್?"

"ರೈಸ್ ಕುಕ್ಕರು, ಸಾರ್. ಒಬ್ಬರೇ ಇರೋರಿಗೆ..."

"ಅದಲ್ಲ. ನಿಮ್ಮ ಮೊಹರು. ನೆಟ್ಟಗೆ ನಿಂತಿದೆ!"

ಮೊಮೊಸೆ ಬಗ್ಗಿ ನೋಡಿದ. ಅಸಾನಾಮಿಯಲ್ಲಿ ಕಿರಿಯರ ಮೊಹರು ಹಿರಿಯರ ಮೊಹರಿನ ಕಡೆಗೆ ತುಸು ಬಾಗಿರಬೇಕು, ನಮಸ್ಕಾರ ಮಾಡಿದ ಹಾಗೆ. ಮೂವತ್ತು ವರ್ಷ ಬಾಗಿಸಿದ ಕೈ ಇವತ್ತು ಗಡಿಬಿಡಿಯಲ್ಲಿ ನೇರವಾಗಿ ಒತ್ತಿಬಿಟ್ಟಿತ್ತು.

"ಇದರ ಪಕ್ಕ ನನ್ನ ಮೊಹರು ಕೂತ್ರೆ ನೋಡೋರು ಏನಂತಾರೆ? ನೀವು ನನ್ನ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತ ಹಾಗಿದೆ. ನಾನು ನಿಮಗೇನು ಅನ್ಯಾಯ ಮಾಡಿದೀನಿ ಹೇಳಿ."

"ಅಯ್ಯೋ, ಕೈ ತಪ್ಪಿ..."

"ಬೇರೆ ಹಾಳೆ ಬರ್ಕೊಂಡ್ಬನ್ನಿ. ಬರೆಯೋವಾಗ ಒಂದು ಬಟ್ಟಲು ಅನ್ನೋದನ್ನ ತೆಗೀರಿ. ಅದನ್ನ ಓದಿದ್ರೆ ಕೊಳ್ಳೋನಿಗೆ ತಾನು ಒಂಟಿ ಅಂತ ನೆನಪಾಗುತ್ತೆ. ಎರಡು ಬಟ್ಟಲು ಅಂತ ಹಾಕಿ."

"ಸಾರ್, ಆದ್ರೆ ಅದೇ ಇದರ..."

"ಮೊಹರು ಬೇಕೋ ಬೇಡ್ವೋ?"

ಎರಡು ಬಟ್ಟಲಾಯಿತು. ಮೊಮೊಸೆಯ ಮೊಹರು ಈ ಸಲ ಎಷ್ಟು ಬಾಗಿತ್ತೆಂದರೆ, ಕಾಲು ಜಾರಿ ಬಿದ್ದಂತೆ ಕಾಣುತ್ತಿತ್ತು. ಇನಾಗಾಕಿಯವರಿಗೆ ತೃಪ್ತಿಯಾಯಿತು. ಗಂಟೆ ಹತ್ತೂವರೆ.

ಎರಡನೆಯ ಮಹಡಿಯಲ್ಲಿ ಸುರಕ್ಷತೆಯ ಹಸುನುಮಾ. ಭೂಕಂಪ ಯಾವಾಗ ಬೇಕಾದರೂ ಆಗಬಹುದು ಎಂದು ಕೂತಲ್ಲೇ ಹೆಲ್ಮೆಟ್ ಹಾಕಿಕೊಂಡಿರುವ ಮನುಷ್ಯ. ಮೊಮೊಸೆ ಗಂಟು ಬಿಚ್ಚಿ ಕುಕ್ಕರನ್ನು ಮೇಜಿನ ಮೇಲಿಟ್ಟ ಕೂಡಲೇ ಕುರ್ಚಿ ಸಮೇತ ಹಿಂದೆ ಸರಿದರು.

"ಇಷ್ಟು ಚಿಕ್ಕದಾ? ಬೆಕ್ಕು ಉರುಳಿಸುತ್ತಲ್ರೀ!"

"ಬೆಕ್ಕಿಲ್ಲದೋರು ಕೊಳ್ಳಬಹುದಲ್ಲ."

"ಪಕ್ಕದ್ಮನೆ ಬೆಕ್ಕು ಬಂದ್ರೆ? ಹೊರಗೋಡೆ ದಪ್ಪ ಇರ್ಲಿ. ತೂಕ ನಾಲ್ಕು ಕಿಲೊ. ಅಗಲವಾದ ನಾಲ್ಕು ಕಾಲು. ಬೆಕ್ಕೇನು, ಕರಡಿ ಬಂದ್ರೂ ಅಲ್ಲಾಡ್ಬಾರ್ದು."

ನಾಲ್ಕು ಕಿಲೊ ಆಯಿತು. ಮೊಹರು ಬಿತ್ತು. ಅಂಗೈ ಮೇಲೆ ಕೂರುವ ಕುಕ್ಕರು ಇದನ್ನೆಲ್ಲ ಕೇಳಿಸಿಕೊಂಡು ಮತ್ತೆ ಗಂಟಿನೊಳಗೆ ಹೋಯಿತು.

ಮಾರಾಟದ ದೋಮೊತೊ ಊಟಕ್ಕೆ ಹೋಗಿದ್ದರು. ಸ್ಟೇಷನ್ ಎದುರಿನ ಉದೋನ್ ಶಾವಿಗೆಯ ಅಂಗಡಿಗೆ ಮೊಮೊಸೆ ಓಡುತ್ತಿದ್ದಾಗ ಜೇಬಿನಲ್ಲಿ ಫೋನ್ ಅದುರಿತು. ಹೆಂಡತಿ ಸುಮಿಯೆ. ಹಿಂದಿನಿಂದ ಅವಳ ಸಲೂನಿನ ಕತ್ತರಿಯ ಸದ್ದು, ಹೆಂಗಸರ ನಗು.

"ರೀ, ವಕ್ಕನೈಗೆ ಹಾಕ್ತಾರಂತೆ, ಹೌದಾ? ನನ್ನ ಗಿರಾಕಿಯೊಬ್ಬಳ ಗಂಡ ಫೋನ್ ಮಾಡಿ ಹೇಳಿದ್ನಂತೆ."

"ಇನ್ನೂ ಇಲ್ಲ. ಐದು ಗಂಟೆ ತನಕ ಟೈಮಿದೆ."

"ಸಲೂನ್ ಬಿಟ್ಟು ನಾನಂತೂ ಬರಲ್ಲ, ಈಗ್ಲೇ ಹೇಳಿದೀನಿ. ನೀಗಾತಾಯಿಂದ ಬಂದ ದಿನ ನಮ್ಮ ನಾಯಿ ನಿಮ್ಮನ್ನ ನೋಡಿ ಬೊಗಳ್ತು, ನೆನಪಿದೆಯಾ? ನಂಗೂ ಹಾಗೇ ಅನ್ನಿಸ್ತು, ಆದ್ರೆ ನಾನು ಬಾಯಿ ಬಿಡ್ಲಿಲ್ಲ." ಕತ್ತರಿ ಕೆಳಗಿಟ್ಟ ಸದ್ದಾಯಿತು. "ಐವತ್ಮೂರಾಯ್ತು ನಿಮಗೆ. ಇನ್ನೊಂದು ಸಲ ಬೇಡ ರೀ. ಏನಾದ್ರೂ ಮಾಡಿ, ಇಲ್ಲೇ ಇರಿ."

ಅಂಗಡಿಯಲ್ಲಿ ದೋಮೊತೊ ಬಟ್ಟಲಿನೊಳಗೆ ಮುಖ ಮುಳುಗಿಸಿ ಉದೋನ್ ಎಳೆಯುತ್ತಿದ್ದರು. ಹಾಳೆಯನ್ನು ಎಡಗೈಯಲ್ಲಿ ಹಿಡಿದು, ಬಾಯಲ್ಲಿ ಇನ್ನೂ ಎಳೆ ನೇತಾಡುತ್ತಿದ್ದಂತೆಯೇ ಓದಿದರು.

"ಎರಡು ಬಟ್ಟಲಾ? ಹೊಸ ವರ್ಷಕ್ಕೆ ಅಜ್ಜ, ಅಜ್ಜಿ, ಮೊಮ್ಮಕ್ಕಳು ಬಂದ್ರೆ ಸರದಿಯಲ್ಲಿ ನಿಲ್ಲಿಸ್ತೀರಾ?"

"ದೋಮೊತೊ-ಸಾನ್, ಇದು ಒಬ್ಬರೇ ಇರೋರಿಗೆ. ಅವರ ಮನೆಗೆ ಯಾರೂ ಬರಲ್ಲ."

"ಯಾರೂ ಬಾರದ ಮನೆಗೆ ನಮ್ಮ ಮಾರಾಟದವನು ಮಾತ್ರ ಯಾಕೆ ಹೋಗ್ಬೇಕು? ಹತ್ತು ಬಟ್ಟಲು ಮಾಡಿ. ಒಬ್ಬನೇ ಇರೋನು ಒಂದು ಬಟ್ಟಲು ತಿಂದು ಒಂಬತ್ತು ಉಳಿಸ್ಲಿ. ಬೇಡ ಅಂತ ಹೇಳಿದವರ್ಯಾರು?"

ಹೇಳಿ ಮುಗಿಸುವಷ್ಟರಲ್ಲಿ ಬಾಯಿಯ ಎಳೆ ಕಳಚಿ ಹಾಳೆಯ ನಟ್ಟನಡುವೆ ಬಿತ್ತು. ಇನಾಗಾಕಿಯ ಮೊಹರು ಸಾರಿನಲ್ಲಿ ಕದಡಿ, ಅಳುವವರ ಕಣ್ಣಿನಂತೆ ಕೆಂಪಗಾಯಿತು.

ಮತ್ತೆ ಹೊಸ ಹಾಳೆ. ಮತ್ತೆ ಇನಾಗಾಕಿ, ಅವರಿಗೆ ಈಗ ಊಟದ ನಂತರದ ಜೊಂಪು. ಮತ್ತೆ ಹಸುನುಮಾ, ಹತ್ತು ಬಟ್ಟಲಾದರೆ ಆವಿ ಹೆಚ್ಚು ಎಂದು ಮುಚ್ಚಳಕ್ಕೊಂದು ಬೀಗ ಸೇರಿಸಿದರು. ಮತ್ತೆ ದೋಮೊತೊ. ಗಂಟೆ ಮೂರೂಕಾಲು.

ಕಾರ್ಖಾನೆಯ ನಿಶಿವಾಕಿ ಎಣ್ಣೆಗೈ ಒರೆಸಿಕೊಳ್ಳುತ್ತಾ ಹಾಳೆಯನ್ನು ದೂರದಿಂದಲೇ ಓದಿದರು. ಆ ಇಡೀ ದಿನದಲ್ಲಿ ತಾವಾಗಿಯೇ ಗಂಟು ಬಿಚ್ಚಿ ಕುಕ್ಕರನ್ನು ಕೈಯಲ್ಲಿ ಎತ್ತಿಕೊಂಡವರು ಅವರೊಬ್ಬರೇ. ಅತ್ತಿತ್ತ ತಿರುಗಿಸಿದರು, ಗುಂಡಿ ಒತ್ತಿ ನೋಡಿದರು.

"ಚೆನ್ನಾಗಿದೆ ಕಣಪ್ಪ. ನೀನೇ ಮಾಡಿದ್ದಾ?"

"ಹೌದು" ಅಂದ ಮೊಮೊಸೆ.

"ಹಿಂದಾಗಿದ್ರೆ ನಾಳೆನೇ ಮಾಡ್ತಿದ್ವಿ. ಈಗ ಹೊಸ ಅಚ್ಚು ಮಾಡೋಕೆ ಅನುಮತಿ ಕೇಳಿದ್ರೆ ನಾನು ನಿವೃತ್ತನಾದ್ಮೇಲೆ ಬರುತ್ತೆ. ಹತ್ತು ಬಟ್ಟಲಿನ ಹಳೇ ಅಚ್ಚೊಂದು ಬಿದ್ದಿದೆ. ಬಿಳೀದು, ಮುಚ್ಚಳದ ಮೇಲೆ ಪ್ಲಮ್ ಹೂವು. ಅದನ್ನೇ ಬರಿ. ಬೇಜಾರು ಮಾಡ್ಕೋಬೇಡ."

ಮೊಮೊಸೆ ಬರೆದ. ಬೇಜಾರು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಕೊನೆಗೆ ನಿರ್ದೇಶಕ ಉಕಿತಾ. ನಾಲ್ಕೂವರೆಗೆ ಅವರ ಕೋಣೆಗೆ ಹೋದರೆ, ಇವರ ತಕರಾರೇ ಬೇರೆ.

"ಎಲ್ಲಾ ಸರಿ. ಆದ್ರೆ ಹೊಸತು ಏನಿದೆ ಇದ್ರಲ್ಲಿ?"

ಬೆಳಿಗ್ಗೆ ಅದಕ್ಕೆ ಉತ್ತರವಿತ್ತು. ಮಧ್ಯಾಹ್ನದೊಳಗೆ ಮೊಮೊಸೆ ತನ್ನ ಕೈಯಾರೆ ಅದನ್ನು ಹೊಡೆದುಹಾಕಿದ್ದ.

"ಜನರನ್ನ ಬೆರಗುಗೊಳಿಸ್ಬೇಕು ಮೊಮೊಸೆ-ಸಾನ್! ಅನ್ನ ಆದ ಕೂಡ್ಲೆ ಹಕ್ಕಿ ಕೂಗಲಿ. ವಸಂತದ ಹಕ್ಕಿ. ಹೋ... ಹೊಕೆಕ್ಯೊ! ಬರ್ಕೊಳ್ಳಿ. ನಂಗೆ ಈಗ ತಾನೇ ಹೊಳೀತು." ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತಾ ಮೊಹರು ಒತ್ತಿದರು.

ಐದಕ್ಕೆ ಎಂಟು ನಿಮಿಷವಿರುವಾಗ ಮೊಮೊಸೆ ಅಧ್ಯಕ್ಷರ ಮೇಜಿನೆದುರು ಎರಡು ಕೈಯಲ್ಲಿ ಹಾಳೆ ಚಾಚಿ ಬಗ್ಗಿದ. ಗಂಟು ಕಂಕುಳಲ್ಲಿತ್ತು.

"ಆಹಾ" ಅಂದರು ಅಧ್ಯಕ್ಷರು. "ಆರಕ್ಕೆ ಆರೂ ಮೊಹರು, ಎಷ್ಟು ಒಪ್ಪವಾಗಿ ಬಾಗಿವೆ! ಇದು ಅಸಾನಾಮಿ. ಆ ಪತ್ರಿಕೆಯವನಿಗೆ ಇದನ್ನ ತೋರಿಸ್ಬೇಕು." ಆಮೇಲೆ ಗಟ್ಟಿಯಾಗಿ ಓದತೊಡಗಿದರು. "ರೈಸ್ ಕುಕ್ಕರ್. ಹತ್ತು ಬಟ್ಟಲು. ತೂಕ ನಾಲ್ಕು ಕಿಲೊ. ಅಗಲವಾದ ಕಾಲು, ಬೀಗವಿರೋ ಮುಚ್ಚಳ..."

ದಿನವಿಡೀ ಮೊಮೊಸೆ ಒಂದೊಂದೇ ಸಾಲು ತಿದ್ದಿ, ಉಳಿದದ್ದನ್ನು ನಕಲು ಮಾಡಿದ್ದನೇ ಹೊರತು ಪೂರ್ತಿ ಹಾಳೆಯನ್ನು ಒಮ್ಮೆಯೂ ನಿಂತು ಓದಿರಲಿಲ್ಲ. ಈಗ ಕೇಳಿಸಿಕೊಳ್ಳುತ್ತಾ ಅವನ ಕಣ್ಣು ಅಧ್ಯಕ್ಷರ ಬೆನ್ನ ಹಿಂದಿನ ಗಾಜಿನ ಬೀರುವಿನ ಕಡೆ ಹೋಯಿತು.

"...ಬಿಳಿ ಬಣ್ಣ. ಮುಚ್ಚಳದ ಮೇಲೆ ಪ್ಲಮ್ ಹೂವು."

ಬೀರುವಿನಲ್ಲಿ ಬಿಳಿ ಬಣ್ಣದ ಒಂದು ರೈಸ್ ಕುಕ್ಕರ್ ಇತ್ತು. ಮುಚ್ಚಳದ ಮೇಲೆ ಪ್ಲಮ್ ಹೂವು.

"ಅನ್ನ ಆದಾಗ ವಸಂತದ ಹಕ್ಕಿಯ ಕೂಗು."

ಕುಕ್ಕರಿನ ಕೆಳಗೆ ಹಿತ್ತಾಳೆಯ ಫಲಕವಿತ್ತು: ಅಸಾನಾಮಿ ಉಮೆ-10, ಹಕ್ಕಿಯಂತೆ ಕೂಗುವ ಕುಕ್ಕರ್. ಹನ್ನೆರಡು ವರ್ಷದ ಹಿಂದಿನ ದಿನಾಂಕ. ಯಾರೂ ಕೊಳ್ಳದ ಆ ಕೊನೆಯ ಹೊಸ ವಸ್ತು.

ಅಧ್ಯಕ್ಷರು ಹಾಳೆಯಿಂದ ತಲೆ ಎತ್ತಿದರು. ನಿಧಾನವಾಗಿ ಬೀರುವಿನ ಕಡೆ ತಿರುಗಿದರು. ಮತ್ತೆ ಹಾಳೆ ನೋಡಿದರು. ಮೊಮೊಸೆಗೆ ವಕ್ಕನೈಯ ಗಾಳಿ ಆಗಲೇ ಕಿವಿಗೆ ಬಡಿದಂತಾಯಿತು. ಕ್ಷಮೆ ಕೇಳಲು ಸೊಂಟ ಬಗ್ಗಿಸಿದ.

"ನಾನು ಅವತ್ತೇ ಹೇಳಿದ್ದೆ." ಅಧ್ಯಕ್ಷರ ಕಣ್ಣು ಒದ್ದೆಯಾಗಿತ್ತು. "ಉಮೆ ಕಾಲಕ್ಕಿಂತ ಮುಂದಿದೆ, ಜನಕ್ಕೆ ಅರ್ಥ ಆಗಲ್ಲ ಅಂತ. ಎಲ್ರೂ ನಕ್ರು. ಇವತ್ತು ಆರು ಜನ ನನ್ನ ಮಾತು ನಿಜ ಅಂತ ಮೊಹರು ಒತ್ತಿದಾರೆ! ಮೊಮೊಸೆ-ಸಾನ್, ನಿಮ್ಮ ವಿಭಾಗ ಉಳೀತು."

ಮೊಮೊಸೆ ಅಲ್ಲಿಗೇ ಸುಮ್ಮನಿದ್ದು ಹೊರಬರಬಹುದಿತ್ತು. ಆದರೆ ಕಂಕುಳಲ್ಲಿದ್ದ ಗಂಟು ಬಿಡಲಿಲ್ಲ. ಬಿಚ್ಚಿ ಮೇಜಿನ ಮೇಲಿಟ್ಟ.

"ಅಧ್ಯಕ್ಷರೇ, ನಾನು ನಿಜವಾಗಿ ಹೇಳೋಕೆ ಹೊರಟಿದ್ದು ಇದು. ಒಂದೇ ಬಟ್ಟಲು. ಹನ್ನೆರಡು ನಿಮಿಷ."

ಅಧ್ಯಕ್ಷರು ಅದನ್ನು ಬೆರಳಿನಿಂದ ಮುಟ್ಟಿದರು. "ಇದಕ್ಕೆ ಎಷ್ಟು ಮೊಹರಾಗಿದೆ?"

"ಒಂದೂ ಇಲ್ಲ."

"ಕಟ್ಟಿಡಿ ಹಾಗಾದ್ರೆ. ಈಗ ಕೆಲಸದ ಮಾತು. ಪತ್ರಿಕೆಯವರ ಬಾಯಿ ಮುಚ್ಚಿಸ್ಬೇಕು, ತಡ ಮಾಡೋಹಾಗಿಲ್ಲ. ಆದ್ರೆ ನಮ್ಮ ಪುಣ್ಯ ನೋಡಿ, ಹೊಸದಾಗಿ ಮಾಡೋದೇ ಬೇಡ. ನಾಲ್ಕು ಸಾವಿರದ ಇನ್ನೂರು ಉಮೆ ತಯಾರಾಗಿ ಕೂತಿವೆ. ಪೆಟ್ಟಿಗೆ ಮೇಲೆ 'ಹೊಸತು' ಅಂತ ಚೀಟಿ ಅಂಟಿಸಿದ್ರೆ ಮುಗೀತು. ಯಾರೋ ಗೊತ್ತುಗುರಿ ಇಲ್ದೋರ ಕೈಗೆ ಆ ಕೆಲಸ ಕೊಡೋಕಾಗುತ್ಯೇ? ನೀವೇ ಹೋಗ್ಬೇಕು."

"ಎ... ಎಲ್ಲಿಗೆ?"

"ವಕ್ಕನೈಗೆ. ಏಪ್ರಿಲ್ ಒಂದಕ್ಕೆ. ಪೂರ್ತಿ ಖಾಲಿ ಆಗೋವರೆಗೂ ಅಲ್ಲೇ ಇರಿ. ಎಷ್ಟು ವರ್ಷ ಆದ್ರೂ ಪರವಾಗಿಲ್ಲ."

ಮೊಮೊಸೆ ಹೇಗೆ ಮೆಟ್ಟಿಲಿಳಿದು ಬಂದನೋ ಅವನಿಗೇ ಗೊತ್ತಿಲ್ಲ. ಅವನ ಮುಖ ನೋಡಿದ ಒಕುನೊ-ಸಾನ್ ಗಂಟನ್ನು ಅವನ ಕೈಯಿಂದ ಬಿಡಿಸಿಕೊಂಡರು. ತಮ್ಮ ಖಾನೆಯಿಂದ ಒಂದು ಹಿಡಿ ಅಕ್ಕಿ ತೆಗೆದು ತೊಳೆದು ಕುಕ್ಕರಿಗೆ ಹಾಕಿ ಗುಂಡಿ ಒತ್ತಿದರು. ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬುದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

ಹತ್ತು ನಿಮಿಷದಲ್ಲಿ ಇನಾಗಾಕಿ ವರ್ಗಾವಣೆಯ ಹಾಳೆ ಹಿಡಿದು ಬಂದರು. ಅಸಾನಾಮಿಯಲ್ಲಿ ಅಷ್ಟು ಬೇಗ ಬರೆದ ಹಾಳೆ ಅದೊಂದೇ ಇರಬೇಕು. ಮೊಮೊಸೆ ಮೊಹರು ತೆಗೆದು ಒತ್ತಿದ. ಕೈ ತಾನಾಗಿಯೇ ಬಾಗಿತು.

"ನೋಡಿ, ಈಗ ಎಷ್ಟು ಚೆನ್ನಾಗಿ ಬಂತು!" ಎಂದು ಇನಾಗಾಕಿ ಹೊರಟುಹೋದರು.

"ಸುಮಿಯೆಗೆ ಏನು ಹೇಳ್ಲಿ, ಒಕುನೊ-ಸಾನ್?" ಮೊಮೊಸೆ ಕುರ್ಚಿಗೆ ಕುಸಿದ. "ನಾಯಿಗೇನು ಹೇಳ್ಲಿ?"

ಒಕುನೊ-ಸಾನ್ ಮೇಜಿನ ಮೇಲಿದ್ದ ಪುಟ್ಟ ಕುಕ್ಕರನ್ನು ನೋಡಿದರು. "ಇದನ್ನ ಮರೀದೆ ತಗೊಂಡ್ಹೋಗಿ. ಒಬ್ಬ ಗಿರಾಕಿಯಾದ್ರೂ ಸಿಕ್ಕಿದ ಹಾಗಾಯ್ತು."

ಕುಕ್ಕರು ಟಿಕ್ ಅಂತು. ಹಕ್ಕಿ ಕೂಗಲಿಲ್ಲ. ಮುಚ್ಚಳ ತೆಗೆದರೆ ಬಿಸಿ ಅನ್ನ, ಸರಿಯಾಗಿ ಒಂದು ಬಟ್ಟಲು.