ಬಿಸಿಲಿಗೆ ಒಗ್ಗಿದ ಮುಖ

ನನ್ನ ಹೆಂಡತಿಯ ಮುಖ ಬೆಳಿಗ್ಗೆ ಏಳಕ್ಕೆ ಶುರುವಾಗಿ ಎಂಟಕ್ಕೆ ಮುಗಿಯುತ್ತದೆ. ಮೊದಲು ಸೋಪಲ್ಲದ ಸೋಪು, ಆಮೇಲೆ ನೀರಿನಂಥದ್ದೇನೋ, ಅದರ ಮೇಲೆ ಸೀರಂ ಎಂಬ ಅಂಟು, ಅದರ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್, ಅದು ಒಣಗುವ ತನಕ ಹದಿನೈದು ನಿಮಿಷ ಮೌನವ್ರತ, ಕಟ್ಟಕಡೆಗೆ ಫೌಂಡೇಶನ್. (ಫೌಂಡೇಶನ್ ಅಂದರೆ ತಳಪಾಯ. ಐದು ಅಂತಸ್ತು ಎದ್ದ ಮೇಲೆ ತಳಪಾಯ ಹಾಕುವ ಕಟ್ಟಡವನ್ನು ನಾನು ನೋಡಿರುವುದು ಇದೊಂದೇ.) ಆ ಹದಿನೈದು ನಿಮಿಷ ಅವಳಿಗೆ ನನ್ನನ್ನು ಬೈಯಲು ಆಗುವುದಿಲ್ಲವಾದ್ದರಿಂದ ಸನ್‌ಸ್ಕ್ರೀನಿನ ಬಗ್ಗೆ ಮಾತ್ರ ನನಗೆ ತಕರಾರಿರಲಿಲ್ಲ.

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂರುತ್ತಾಳೆ. ಅಲ್ಲಿಗೆ ಬರುವವರೆಲ್ಲ ಕೆನ್ನೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡೇ ಬರುತ್ತಾರಲ್ಲ, ನಿನ್ನ ಮುಖ ಯಾರು ನೋಡಬೇಕು ಎಂದು ಒಮ್ಮೆ ಬಾಯಿತಪ್ಪಿ ಕೇಳಿದ್ದೆ. ಅಂದು ನನ್ನ ಊಟದ ಡಬ್ಬಿ ತೆರೆದರೆ ಚಮಚ ಮಾತ್ರ ಇತ್ತು.

ಇನ್ನು ನನ್ನ ವಿಷಯ. ನಾನು ನೀರಿನ ಇಲಾಖೆಯಲ್ಲಿ ಮೀಟರ್ ಓದುವವನು. ಗೇಟು ತೆಗೆದು, ನಾಯಿಯ ಅಭಿಪ್ರಾಯ ಕೇಳಿಕೊಂಡು, ಗುಂಡಿಯ ಮುಚ್ಚಳ ಎತ್ತಿ, ಬಗ್ಗಿ, ಅಂಕಿ ಬರೆದುಕೊಂಡು ಮುಂದಿನ ಗೇಟಿಗೆ ಹೋಗುವುದು. ಇಪ್ಪತ್ತೆರಡು ವರ್ಷದಿಂದ ಇದೇ. ಟೋಪಿ ತೆಗೆದರೆ ಹಣೆಯ ಮೇಲರ್ಧ ಒಬ್ಬನದು, ಕೆಳಗಿನರ್ಧ ಇನ್ನೊಬ್ಬನದು. ಮೊಣಕಾಲು ಬಗ್ಗಿದಾಗ ಒಂದು ಸದ್ದು, ಎದ್ದಾಗ ಇನ್ನೊಂದು.

ಹೀಗಿರುವಾಗ ದೂರು ವಿಭಾಗದ ಹಿರಿಯರು ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರ ಕುರ್ಚಿ ಖಾಲಿಯಾಗುತ್ತದೆ ಎಂದು ಸುದ್ದಿ ಬಂತು. ಆ ಕುರ್ಚಿಯ ನೆತ್ತಿಯ ಮೇಲೆ ಫ್ಯಾನಿದೆ. ಪಕ್ಕದಲ್ಲಿ ಕಿಟಕಿಯಿದೆ, ಕಿಟಕಿಗೆ ಪರದೆಯಿದೆ. ಜನ ಬಂದು ನೀರು ಬರುತ್ತಿಲ್ಲ ಎಂದು ಕಿರುಚುತ್ತಾರೆ, ನಿಜ. ಆದರೆ ನೆರಳಿನಲ್ಲಿ ಕಿರುಚುತ್ತಾರೆ. ನನಗೆ ಆ ಕುರ್ಚಿ ಬೇಕಾಗಿತ್ತು. ಈ ಜನ್ಮದಲ್ಲಿ ನಾನು ಅಷ್ಟೊಂದು ಆಸೆಪಟ್ಟ ವಸ್ತು ಇನ್ನೊಂದಿಲ್ಲ (ಮದುವೆಗೆ ಮುಂಚಿನ ಮಾತು ಬೇರೆ). ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಕ್ಷೇತ್ರಕಾರ್ಯದಲ್ಲಿ ಹೆಚ್ಚು ಬವಣೆಪಟ್ಟವರಿಗೆ ಆದ್ಯತೆ." ಬವಣೆಯಲ್ಲಿ ನನ್ನ ಸಮಕ್ಕೆ ಯಾರಿದ್ದರು? ಅರ್ಜಿ ಹಾಕಿದ ಇನ್ನೊಬ್ಬನೆಂದರೆ ನಮ್ಮ ಸಹೋದ್ಯೋಗಿ 'ಛತ್ರಿ'. ಅವನ ಸರ್ವೀಸು ಹದಿನಾಲ್ಕು ವರ್ಷ. ಅದರಲ್ಲಿ ಹನ್ನೊಂದನ್ನು ಅವನು ಚಹಾದಂಗಡಿಯ ಮಾಡಿನ ಕೆಳಗೆ ಸವೆಸಿದ್ದ.

ಅದೇ ವಾರ ನನ್ನ ಕೆನ್ನೆಯ ಮೇಲೆ ಒಂದು ಕಂದು ಮಚ್ಚೆ ಎದ್ದಿತು. ಚರ್ಮದ ಡಾಕ್ಟರು ಬಿಸಿಲಿನದೇ ಪ್ರಭಾವ ಎಂದರು. ನನ್ನ ಹೆಂಡತಿಗೆ ಅಷ್ಟೇ ಸಾಕಾಯಿತು.

"ರೀ, ನಾಳೆಯಿಂದ ನೀವೂ ಸನ್‌ಸ್ಕ್ರೀನ್ ಹಚ್ಕೋಬೇಕು."

"ನಾನೇನು ಮದುಮಗಳೇನೇ?"

"ಮದುಮಗಳು ಬಿಸಿಲಲ್ಲಿ ಮೀಟರ್ ಓದಕ್ಕೆ ಹೋಗಲ್ಲ. ಎರಡು ಬೆರಳುದ್ದ ತಗೊಳ್ಳಿ. ಕಿವಿ, ಕತ್ತು ಬಿಡಬೇಡಿ."

"ಎರಡು ಬೆರಳುದ್ದ ಪೇಸ್ಟ್ ತಗೊಂಡ್ರೆ ಮಕ್ಕಳನ್ನೇ ಬೈತೀವಲ್ಲೇ."

"ಮಾತಾಡಬೇಡಿ, ಬಾಯೊಳಗೆ ಹೋಗುತ್ತೆ."

ಮೊದಲ ದಿನ ಆಫೀಸಿನಲ್ಲಿ ಛತ್ರಿ ನನ್ನನ್ನು ಸುತ್ತುಹಾಕಿ ನೋಡಿದ. "ಏನಣ್ಣಾ, ಮನೆಗೆ ಸುಣ್ಣ ಹೊಡೆದ್ರಾ? ಗೋಡೆಗೂ ಒಂಚೂರು ಉಳೀತಾ?" ಎಂದ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಇದನ್ನು ನಾಳೆಯಿಂದ ಮುಟ್ಟುವುದಿಲ್ಲ ಎಂದೆ. ಅವಳು ಊಟದ ಡಬ್ಬಿಯ ಕಡೆ ನೋಡಿದಳು. ಮುಟ್ಟಿದೆ.

ಹೀಗೆ ನಾಲ್ಕೈದು ವಾರ ಕಳೆದಿರಬೇಕು. ಒಂದು ಮನೆಯ ಅಜ್ಜಿ ಗೇಟು ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಸಬರಾ? ಮೊದಲು ಬರ್ತಿದ್ದೋರು ರಿಟೈರ್ ಆದ್ರಾ? ಪಾಪ, ವಯಸ್ಸಾಗಿತ್ತು ಬಿಡಿ," ಎಂದರು. ಮೊದಲು ಬರುತ್ತಿದ್ದವನೂ ನಾನೇ. ಆದರೂ ಆ 'ಪಾಪ' ಎಂಬ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಆ ಮನೆಯ ಮೀಟರ್ ಓದುವುದನ್ನೇ ಮರೆತು ಬಂದೆ.

ಅಲ್ಲಿಂದ ನನ್ನ ಬುದ್ಧಿ ಕೆಟ್ಟಿತು. ಸನ್‌ಸ್ಕ್ರೀನಿಗೇ ಇಷ್ಟು ಮಹಿಮೆಯಿದ್ದರೆ ಅದರ ಅಕ್ಕತಂಗಿಯರಿಗೆ ಎಷ್ಟಿರಬೇಡ ಎನ್ನಿಸಿತು. ಅವಳು ಅಡುಗೆಮನೆಯಲ್ಲಿದ್ದಾಗ ಎರಡು ಹನಿ ಸೀರಂ, ಅವಳು ಫೋನಿನಲ್ಲಿದ್ದಾಗ ಒಂದು ಬೆರಳು ಮಾಯಿಶ್ಚರೈಸರ್.

"ಸೀರಂ ಕಮ್ಮಿ ಆಗ್ತಾ ಇದೆಯಲ್ಲ," ಎಂದಳು ಒಂದು ದಿನ, ಬಾಟಲಿಯನ್ನು ಬೆಳಕಿಗೆ ಹಿಡಿದು.

"ಆವಿಯಾಗಿರಬೇಕು. ಸೆಕೆ ಜಾಸ್ತಿ."

"ಮುಚ್ಚಳ ಹಾಕಿರೋ ಬಾಟಲೀಲಾ?"

"ವಿಜ್ಞಾನ ಎಲ್ಲಾ ನಮಗೆ ಗೊತ್ತಾಗಲ್ಲ ಕಣೇ."

ಅವಳು ನನ್ನ ಕೆನ್ನೆಯನ್ನು ನೋಡಿ, ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದಳು. ಮರುದಿನ ಸೀರಮ್ಮಿನ ಬಾಟಲಿ ಬಟ್ಟೆಯ ಬೀರುವಿಗೆ ವಲಸೆ ಹೋಗಿತ್ತು. ಹುಡುಕಲು ನನಗೆ ಮೂರು ದಿನ ಹಿಡಿಯಿತು.

ಸಂದರ್ಶನದ ದಿನ ಬಂತು. ಅವಳು ಬೇಗ ಹೊರಡಬೇಕಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇವತ್ತು ಸನ್‌ಸ್ಕ್ರೀನ್ ಒಂದೇ ಸಾಕು. ನನ್ನ ಮೇಕಪ್ಪಿನ ತಂಟೆಗೆ ಹೋಗಬೇಡಿ. ಹೋಗೇ ಹೋಗ್ತೀರಾ, ಗೊತ್ತು. ಹೋದ್ರೆ ಒಂದು ಒಣಗೋ ತನಕ ಇನ್ನೊಂದು ಹಚ್ಚಬೇಡಿ," ಎಂದು ಹೇಳಿ ಹೋದಳು.

ಕನ್ನಡಿಯ ಮುಂದೆ ನಿಂತೆ. ಮಚ್ಚೆ ಮಸುಕಾಗಿತ್ತು. ಟೋಪಿಯ ಗೆರೆ ಮಾತ್ರ ಹಣೆಯ ಮೇಲೆ ಅಳಿಸಿದ ಪೆನ್ಸಿಲಿನ ಗೀಟಿನಂತೆ ಉಳಿದಿತ್ತು. ಅದನ್ನು ಮುಚ್ಚಿದರೆ ನಾನು ಕುರ್ಚಿಯಲ್ಲೇ ಹುಟ್ಟಿದವನಂತೆ ಕಾಣುತ್ತೇನೆ ಎನ್ನಿಸಿತು. ಮುಚ್ಚುವುದಕ್ಕೆ ಫೌಂಡೇಶನ್ ಇತ್ತು. ಆದರೆ ಬಸ್ಸಿಗೆ ಇಪ್ಪತ್ತೇ ನಿಮಿಷ. ಐದು ಪದರ ಹಚ್ಚಿ ಐದು ಸಲ ಒಣಗಿಸುತ್ತ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ಹೆಂಗಸರು ಶತಮಾನಗಳಿಂದ ಇದನ್ನು ಬಿಡಿಬಿಡಿಯಾಗಿ ಹಚ್ಚುತ್ತ ಕಾಲಹರಣ ಮಾಡುತ್ತಿದ್ದಾರೆ, ಒಂದು ಬಟ್ಟಲಿನಲ್ಲಿ ಕಲಸಿಕೊಳ್ಳಬಹುದು ಎಂದು ಒಬ್ಬರಿಗೂ ಹೊಳೆದಿಲ್ಲವಲ್ಲ ಎಂದು ಮರುಗಿದೆ. ಸ್ಟೀಲಿನ ಬಟ್ಟಲಿಗೆ ಎಲ್ಲವನ್ನೂ ಸುರಿದು, ಚಮಚದಲ್ಲಿ ಗೊಟಾಯಿಸಿ, ಎರಡು ಕೈಯಲ್ಲೂ ಮುಖಕ್ಕೆ ಬಳಿದುಕೊಂಡೆ. ಒಂದೂವರೆ ನಿಮಿಷದಲ್ಲಿ ಕೆಲಸ ಮುಗಿಯಿತು. ಬಟ್ಟಲನ್ನು ತೊಳೆದೂ ಇಟ್ಟೆ.

ಆಫೀಸಿನ ಪಡಸಾಲೆಯಲ್ಲಿ ಛತ್ರಿ ಗೋಡೆ ಹಿಡಿದು ನಿಂತಿದ್ದ. ನಾನು ಗುರುತೇ ಹಿಡಿಯಲಿಲ್ಲ. ಮೂಗಿನ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು, ತುಟಿ ಒಡೆದಿತ್ತು, ಕಿವಿಗಳು ಕೆಂಡದಂತಿದ್ದವು. "ಏನಾಯ್ತೋ?" ಎಂದೆ.

"ಏನಿಲ್ಲಣ್ಣ, ಡ್ಯೂಟಿ," ಎಂದ, ಒಣ ಗಂಟಲಲ್ಲಿ. (ನಾಲ್ಕು ದಿನ ರಜೆ ಹಾಕಿ ತಾರಸಿಯ ಮೇಲೆ ಮುಖ ಮೇಲೆ ಮಾಡಿಕೊಂಡು ಮಲಗಿದ್ದನೆಂದು ಆಮೇಲೆ ತಿಳಿಯಿತು.)

ಒಳಗೆ ಹೋಗಿ ಐದೇ ನಿಮಿಷದಲ್ಲಿ ಹೊರಗೆ ಬಂದ. ಆಮೇಲೆ ನನ್ನ ಸರದಿ. ಅಧಿಕಾರಿ ಹೊಸಬರು, ವರ್ಗವಾಗಿ ಬಂದು ವಾರವೂ ಆಗಿರಲಿಲ್ಲ. ನಮ್ಮಲ್ಲಿ ಯಾರ ಪರಿಚಯವೂ ಅವರಿಗಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನ್ನ ಅರ್ಜಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಅರ್ಜಿ ನೋಡಿದರು.

"ಇಪ್ಪತ್ತೆರಡು ವರ್ಷ ಫೀಲ್ಡಿನಲ್ಲಿದ್ದೀರಿ ಅಂತ ಬರೆದಿದ್ದೀರಿ."

"ಹೌದು ಮೇಡಂ. ಬಿಸಿಲಲ್ಲಿ ಸುಟ್ಟು ಕರಕಲಾಗಿ ಹೋಗಿದ್ದೀನಿ ಮೇಡಂ."

"ಎಲ್ಲಿ?"

ಆಗ ನನಗೆ ನನ್ನ ಎಡವಟ್ಟು ಅರ್ಥವಾಯಿತು. ಇಪ್ಪತ್ತೆರಡು ವರ್ಷ ಕಷ್ಟಪಟ್ಟು ಕೂಡಿಸಿದ ಸಾಕ್ಷ್ಯವನ್ನು ನಾನೇ ಎರಡು ತಿಂಗಳು ಕೂತು ತೊಳೆದಿದ್ದೆ.

"ಮೇಡಂ, ಇದು ನನ್ನ ಮುಖ ಅಲ್ಲ. ಇದು ನಮ್ಮ ಮನೆಯವಳ ಮೇಕಪ್ಪು. ನನ್ನ ಮುಖ ಒಳಗಿದೆ," ಎಂದೆ.

ಕರ್ಚೀಫು ತೆಗೆದು ಕೆನ್ನೆ ಉಜ್ಜಿದೆ. ಒಂದರೊಳಗೊಂದು ಒಣಗದೆ ಸೇರಿಕೊಂಡಿದ್ದ ಆ ಪಂಚಲೇಪನ ಸಲೀಸಾಗಿ ಬರುತ್ತದೆಯೇ? ರಬ್ಬರಿನಲ್ಲಿ ಅಳಿಸಿದಾಗ ಉದುರುವ ಹೊಟ್ಟಿನಂತೆ ಸುರುಳಿ ಸುರುಳಿಯಾಗಿ ಎದ್ದು, ಮೇಜಿನ ಮೇಲೆ, ನನ್ನ ಅರ್ಜಿಯ ಮೇಲೆ, ಮೇಡಂ ಅವರ ಚಹಾದ ಲೋಟದೊಳಗೆ ಉದುರತೊಡಗಿತು. ಅವರು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಬಿಡಲಿಲ್ಲ. ಹಣೆ, ಮೂಗು, ಕತ್ತು, ಎಲ್ಲವನ್ನೂ ಪಾತ್ರೆ ಉಜ್ಜಿದಂತೆ ಉಜ್ಜಿ, ಉಸಿರುಬಿಡುತ್ತ, "ಈಗ ನೋಡಿ ಮೇಡಂ," ಎಂದೆ.

ಅವರು ನೋಡಿದರು. ಎದ್ದು ಹತ್ತಿರ ಬಂದು ನೋಡಿದರು.

"ಒಳಗಡೆ ಇನ್ನೂ ಚೆನ್ನಾಗಿದೆ," ಎಂದರು.

ಮೊಣಕಾಲಿನ ಸದ್ದನ್ನಾದರೂ ಕೇಳಿಸೋಣವೆಂದು ಅಲ್ಲೇ ಮೂರು ಸಲ ಕೂತು ಎದ್ದೆ. ದಿನಾ ಲಟಲಟ ಅನ್ನುತ್ತಿದ್ದ ಆ ಮೊಣಕಾಲುಗಳು ಅಂದು ತುಟಿ ಬಿಚ್ಚಲಿಲ್ಲ. "ವ್ಯಾಯಾಮವೂ ಮಾಡ್ತೀರಿ ಅಂತ ಕಾಣುತ್ತೆ. ಒಳ್ಳೇದು," ಎಂದು ಮೇಡಂ ಪೆನ್ನು ತೆಗೆದುಕೊಂಡರು. ಆದೇಶ ಬರೆಯುತ್ತಾರೇನೋ ಅಂದುಕೊಂಡೆ. "ಆ ಸನ್‌ಸ್ಕ್ರೀನಿನ ಹೆಸರೇನು ಹೇಳಿ?" ಎಂದರು. ಹೇಳಿದೆ. ಕಾಗುಣಿತ ಕೇಳಿಕೊಂಡು ಬರೆದುಕೊಂಡರು.

ಮೂರನೇ ದಿನ ಆದೇಶ ಕೈಗೆ ಬಂತು. ಕುರ್ಚಿ ಛತ್ರಿಗೆ. ನನಗೆ ಊರಾಚೆ ಹೊಸದಾಗಿ ಎದ್ದ ಬಡಾವಣೆ. ಒಂಬೈನೂರು ಮನೆ, ಒಂದೂ ಮರವಿಲ್ಲ. ಆ ಕಾಗದ ಹಿಡಿದು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಸುಳ್ಳೇಕೆ, ಅಳುವೇ ಬಂತು. ಹೆಂಡತಿ ಪಕ್ಕದಲ್ಲಿ ಬಂದು ಕೂತು, ಕಾಗದವನ್ನು ಇಸಿದುಕೊಂಡು ಜೋರಾಗಿ ಓದಿದಳು: "ಅರ್ಜಿದಾರರ ಮುಖವನ್ನು ಖುದ್ದಾಗಿ ಪರಿಶೀಲಿಸಲಾಗಿದ್ದು, ಬಿಸಿಲು ಇವರ ಆರೋಗ್ಯಕ್ಕೆ ಸಂಪೂರ್ಣವಾಗಿ ಒಗ್ಗಿರುವುದು ಹಾಗೂ ಇವರ ಮುಖಕಾಂತಿಯು ಉತ್ತಮವಾಗಿರುವುದು ಕಂಡುಬಂದಿರುತ್ತದೆ."

ಇನ್ನೊಮ್ಮೆ ಓದಿದಳು, ಈ ಸಲ ಮೆಲ್ಲಗೆ. ಅಯ್ಯೋ ಪಾಪ ಎನ್ನುತ್ತಾಳೇನೋ ಎಂದು ಕಾದೆ.

"ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಆಫೀಸಿನೋರು ನಿಮ್ಮ ಬಗ್ಗೆ ಬರೆದಿರೋ ಒಳ್ಳೇ ಮಾತು ಇದೊಂದೇ ಕಣ್ರೀ," ಎಂದಳು. "ಫ್ರೇಮ್ ಹಾಕಿಸೋಣ."

ಹಾಕಿಸಿದಳು. ಹಲ್ಲಿನ ಕ್ಲಿನಿಕ್ಕಿನಲ್ಲಿ, ಅವಳ ಮೇಜಿನ ಹಿಂದೆ ನೇತುಹಾಕಿದ್ದಾಳೆ. ಬಂದವರೆಲ್ಲ ಕೆನ್ನೆ ಬಿಟ್ಟು, ಕಣ್ಣು ಅಗಲಿಸಿ ಓದುತ್ತಾರಂತೆ.